ಪೇಟಿಯ ಪಕ್ಕದಲ್ಲಿ ಕಂಪ್ಯೂಟರು



ಬಳ್ಳಾರಿ ಸೀಮೆಯಲ್ಲಿ ಹಾಡುವ, ಬಾರಿಸುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದಿದೆ: 'ಸಾರ್, ಹಾಡು ಮಾಡಾಕ ಯಾವ ಸಾಫ್ಟ್‌ವೇರ್ ಚಲೋ ಐತಿ?' ಸಿರುಗುಪ್ಪದ ಕಡೆಯವರಿಗೆ ಮೆರವಣಿಗೆಗೆ ಹೊಂದುವ ಬೀಟ್ ಬೇಕು. ಕುರುಗೋಡಿನವರಿಗೆ ಅಜ್ಜಿ ಹಾಡುವ ಸೋಬಾನೆ ಪದಕ್ಕೆ ಹಿಮ್ಮೇಳ ಕೂಡಿಸಬೇಕು. ಬಳ್ಳಾರಿ ಪೇಟೆಯ ಕಾಲೇಜು ಹುಡುಗರಿಗೆ ತಮ್ಮದೇ ಹಾಡು ಕಟ್ಟಿ ಯೂಟ್ಯೂಬಿಗೆ ಏರಿಸಬೇಕು. ನಾಲ್ಕು ಹೆಸರು ಹೇಳಿ ಕಳಿಸುವುದು ಕಷ್ಟವಲ್ಲ, ಹೆಸರುಗಳನ್ನು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಅವರೆಲ್ಲರಿಗೂ ಹೇಳಬೇಕೆನಿಸುವ ಮಾತೊಂದು ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಅದಕ್ಕಾಗಿಯೇ ಈ ಹೊತ್ತು ನಿಮ್ಮ ಮುಂದೆ ಕೂತಿದ್ದೇನೆ.

ಯಾವ ಸಾಫ್ಟ್‌ವೇರೂ ಖಾಲಿ ಕೈಯಲ್ಲಿ ಬರುವುದಿಲ್ಲ. ಅದನ್ನು ಬರೆದವರ ಕಿವಿಯಲ್ಲಿ ಯಾವ ಸಂಗೀತ ತುಂಬಿತ್ತೋ ಅದರ ಅಳತೆಗಳನ್ನು ಹೊತ್ತುಕೊಂಡೇ ಬರುತ್ತದೆ. ಹಾಡು ಕಟ್ಟುವ ಸಾಫ್ಟ್‌ವೇರನ್ನು ತೆರೆದು ನೋಡಿ. ಒಂದು ಸ್ಥಾಯಿಗೆ ಸರಿಸಮ ಅಂತರದ 12 ಸ್ವರ, ಒಂದು ಆವರ್ತಕ್ಕೆ ನಾಲ್ಕು ಪೆಟ್ಟು, ಮೊದಲಿಂದ ಕೊನೆಯವರೆಗೂ ಬದಲಾಗದ ಒಂದೇ ವೇಗ, ಇಷ್ಟನ್ನು ನಿಮ್ಮನ್ನು ಕೇಳದೆಯೇ ಅದು ಗೊತ್ತುಮಾಡಿಟ್ಟಿರುತ್ತದೆ. ಆ ಅಳತೆಗೆ ಕೂರುವ ಹಾಡುಗಳು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ನಮ್ಮ ಬಯಲಾಟದ ಪದ, ಬುರ್ರಕಥೆ, ಮೊಹರಂ ಪದ, ಗಮಕದ ವಾಚನ ಆ ಅಳತೆಗೆ ಕೂರುವುದಿಲ್ಲ. ಇದನ್ನು ತಿಳಿಯದೆ ಕೆಲಸಕ್ಕೆ ಇಳಿದರೆ ಬಗ್ಗುವುದು ನಮ್ಮ ಹಾಡು. ತಿಳಿದು ಇಳಿದರೆ ಸಾಫ್ಟ್‌ವೇರನ್ನೇ ನಮ್ಮ ಹಾಡಿಗೆ ಬಗ್ಗಿಸಬಹುದು. ಬಗ್ಗುವ ಗುಣ ಅದಕ್ಕೆ ಇದೆ, ಆದರೆ ನಾವು ಕೇಳಬೇಕು.

ಮೊದಲು ಹಾಡು ಹುಡುಕುವ ವಿಷಯ. ಎಲ್ಲೋ ಒಂದು ಹಾಡು ಕಿವಿಗೆ ಬೀಳುತ್ತದೆ, ಫೋನು ಎತ್ತಿ ಹಿಡಿದರೆ ಅದು ಯಾವ ಹಾಡೆಂದು ತೆರೆಯ ಮೇಲೆ ಮೂಡುತ್ತದೆ. ಈ ಕೆಲಸವನ್ನು ಜನಪ್ರಿಯ ಮಾಡಿದ್ದು ಶಜಾಮ್. 2002ರಲ್ಲಿ ಬ್ರಿಟನ್ನಿನಲ್ಲಿ ಅದು ಶುರುವಾದಾಗ ಆ್ಯಪ್ ಇರಲಿಲ್ಲ. ಜನ ಫೋನಿನಲ್ಲಿ 2580 ಒತ್ತಿ ಹಾಡಿನ ಕಡೆ ಹಿಡಿಯುತ್ತಿದ್ದರು, ಸ್ವಲ್ಪ ಹೊತ್ತಿಗೆ ಹಾಡಿನ ಹೆಸರು ಮೆಸೇಜಾಗಿ ಬರುತ್ತಿತ್ತು. ಅದು ಹಾಡಿನ ಅರ್ಥವನ್ನಾಗಲಿ ರಾಗವನ್ನಾಗಲಿ ತಿಳಿಯುವುದಿಲ್ಲ. ಧ್ವನಿಯಲ್ಲಿ ಎದ್ದು ಕಾಣುವ ಬಿಂದುಗಳನ್ನು ಆರಿಸಿ, ಯಾವ ಬಿಂದುವಿನ ನಂತರ ಎಷ್ಟು ಹೊತ್ತಿಗೆ ಯಾವ ಬಿಂದು ಬಂತು ಎಂದು ಗುರುತಿಟ್ಟು, ತನ್ನ ಉಗ್ರಾಣದಲ್ಲಿರುವ ಗುರುತುಗಳ ಜೊತೆ ತಾಳೆ ನೋಡುತ್ತದೆ. ಹಾಗಾಗಿ ಅದಕ್ಕೆ ಗೊತ್ತಾಗುವುದು ಅಚ್ಚು ಅದೇ ಧ್ವನಿಮುದ್ರಣ ಮಾತ್ರ. ಅದೇ ಗಾಯಕರು ಅದೇ ಹಾಡನ್ನು ಎದುರಿಗೆ ಕೂತು ಹಾಡಿದರೂ ಅದು ತಬ್ಬಿಬ್ಬಾಗುತ್ತದೆ. 2020ರಲ್ಲಿ ಗೂಗಲ್ ಇನ್ನೊಂದು ಬಗೆಯನ್ನು ತಂದಿತು. ಗುನುಗಿದರೆ ಸಾಕು, ಧಾಟಿಯ ಏರಿಳಿತವನ್ನು ಒಂದು ಸಂಖ್ಯಾಸರಣಿ ಮಾಡಿಕೊಂಡು ಹತ್ತಿರದ ಹಾಡನ್ನು ತೋರಿಸುತ್ತದೆ.

ಈಗ ಇದನ್ನು ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಒಯ್ಯಿರಿ. ಮೊಹರಂ ರಾತ್ರಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಊರವರು ರಿವಾಯತ್ ಪದ ಹಾಡುತ್ತಿದ್ದಾರೆ. ಅವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ಕಂಡುಹಿಡಿಯಲಾಗದು. ಒಂದು ಸಾಲು ಕನ್ನಡ, ಅದರೊಳಗೆ ಉರ್ದು, ನಡುವೆ ಆದೋನಿ ಕಡೆಯ ತೆಲುಗಿನ ಮಾತು. ಫೋನು ಹಿಡಿದರೆ ಉತ್ತರವೇ ಬರುವುದಿಲ್ಲ, ಇಲ್ಲವೇ ಯಾವುದೋ ಸಿನಿಮಾ ಹಾಡಿನ ಹೆಸರು ಬರುತ್ತದೆ. ಎರಡನೆಯದನ್ನು ತಪ್ಪು ಎಂದು ಪೂರ್ತಿ ತಳ್ಳಿಹಾಕುವಂತಿಲ್ಲ. ಊರಿನ ಪದಕಾರರು ಸಿನಿಮಾ ಧಾಟಿಗೆ ಹೊಸ ಪದ ಕಟ್ಟುವುದುಂಟು. ಸಿನಿಮಾದವರು ಊರಿನ ಧಾಟಿಯನ್ನು ಎತ್ತಿಕೊಂಡದ್ದೂ ಉಂಟು. ಯಾವುದು ಮೊದಲು ಎಂದು ತೀರ್ಮಾನಿಸುವ ಶಕ್ತಿ ಆ ಯಂತ್ರಕ್ಕೆ ಇಲ್ಲ. ಅಚ್ಚಾದದ್ದು, ಹೆಸರು ಬರೆಸಿಕೊಂಡದ್ದು ಯಾವುದೋ ಅದೇ ಅದಕ್ಕೆ ಮೂಲ. ಧ್ವನಿಮುದ್ರಣವಾಗದ ಹಾಡು ಅದರ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ.

ಆದ್ದರಿಂದ ನಮ್ಮ ಕಡೆ ಹಾಡು ಹುಡುಕುವುದೆಂದರೆ ಹೋಗಿ ಕೇಳುವುದು, ದಾಖಲಿಸುವುದು, ಹೆಸರಿಡುವುದು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರನ್ನು ನೆನೆಯಿರಿ. ಅಕ್ಷರ ಕಲಿಯದ ಆ ತಾಯಿ ಹಲವು ಜನಪದ ಮಹಾಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಒಂದೊಂದು ಕಥೆ ರಾತ್ರಿಗಟ್ಟಲೆ ನಡೆಯುವಂಥದ್ದು. ಕುಮಾರರಾಮನ ಕಥೆಯನ್ನು ಅವರ ಬಾಯಲ್ಲಿ ಕೇಳಿದವರು ಇಂದಿಗೂ ಮರೆತಿಲ್ಲ. 2014ರಲ್ಲಿ ಅವರು ತೀರಿಕೊಂಡರು. ಅವರ ಕಾವ್ಯಗಳು ಅಚ್ಚಿಗೆ ಬಂದಿವೆ, ಅದು ದೊಡ್ಡ ಕೆಲಸ. ಆದರೆ ಪುಟದ ಮೇಲೆ ಉಳಿಯುವುದು ಪದ. ಕಥೆಯ ಬಿಸಿ ಏರಿದಾಗ ಧಾಟಿ ಹೇಗೆ ತಿರುಗುತ್ತದೆ, ಮಾತು ಎಲ್ಲಿ ಹಾಡಾಗುತ್ತದೆ, ಪಕ್ಕದವರ ಹ್ಞೂಂಗುಟ್ಟುವಿಕೆ ಎಲ್ಲಿ ಬೀಳುತ್ತದೆ, ಇವು ಉಳಿಯಬೇಕಾದರೆ ಧ್ವನಿಯೇ ಬೇಕು. ಇಂದು ಹಳ್ಳಿಯಲ್ಲಿ ಹಾಡುವ ಪ್ರತಿಯೊಬ್ಬ ಹಿರಿಯರ ಪಕ್ಕದಲ್ಲೂ ಫೋನು ಹಿಡಿದ ಮೊಮ್ಮಗ ಇದ್ದಾನೆ. ಈರಮ್ಮನವರ ಪ್ರಾಯಕಾಲದಲ್ಲಿ ಇರದಿದ್ದ ಅನುಕೂಲ ಇದು.

ಹಾಗಾದರೆ ಆ ಮೊಮ್ಮಗ ಏನು ಮಾಡಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಲಿ.

ಕಂಪ್ಯೂಟರಿನಲ್ಲಿ ಧ್ವನಿಮುದ್ರಣಕ್ಕೆ, ತಿದ್ದುವುದಕ್ಕೆ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಾಜ್ಜೋನಿ, ರೋಜರ್ ಡ್ಯಾನೆನ್‌ಬರ್ಗ್ ಎಂಬಿಬ್ಬರು ಶುರುಮಾಡಿದ ಅದು 2000ದಿಂದಲೂ ಎಲ್ಲರಿಗೂ ಪುಕ್ಕಟೆ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಫೋನಿನಲ್ಲಾದರೆ ಧ್ವನಿಯನ್ನು 'ವೇವ್' ರೂಪದಲ್ಲಿ ಉಳಿಸುವ ರೆಕಾರ್ಡರ್ ಆರಿಸಿಕೊಳ್ಳಿ. ಸೆಕೆಂಡಿಗೆ 48,000 ಮಾದರಿ, 24 ಬಿಟ್, ಒಂದೇ ಚಾನೆಲ್ ಎಂದು ಇಟ್ಟರೆ ಒಂದು ಗಂಟೆಯ ಹಾಡಿಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ. ಅದನ್ನೇ ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾಡಿದರೆ 58 ಎಂಬಿಗೆ ಇಳಿಯುತ್ತದೆ. ಒಂಬತ್ತರಲ್ಲಿ ಹೀಗೆ ಇಳಿದ ಎಂಟು ಪಾಲಿನಲ್ಲಿ ಕಿವಿಗೆ ತಕ್ಷಣ ಗೊತ್ತಾಗದ ಸೂಕ್ಷ್ಮಗಳು ಹೋಗಿರುತ್ತವೆ, ಮುಂದೆ ಸಂಶೋಧನೆಗೆ, ತಿದ್ದುಪಡಿಗೆ ಬೇಕಾಗುವುದು ಅವೇ. ಜಾಗ ಇಂದು ಅಗ್ಗ. ಮೂಲವನ್ನು ದೊಡ್ಡದಾಗಿಯೇ ಇಟ್ಟುಕೊಳ್ಳಿ, ಹಂಚುವುದಕ್ಕೆ ಸಣ್ಣದು ಮಾಡಿ. ವಾಟ್ಸ್‌ಆ್ಯಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದರೆ ಅದು ಇನ್ನಷ್ಟು ಹಿಂಡಿ ಕಳಿಸುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದದ್ದು ಇದ್ದಂತೆಯೇ ಹೋಗುತ್ತದೆ.

ಇನ್ನೊಂದು ಮುಖ್ಯ ಸಂಗತಿ, ಗದ್ದಲ ತೆಗೆಯುವುದು. ಫ್ಯಾನಿನ ಸದ್ದು, ಪಂಪ್‌ಸೆಟ್ಟಿನ ಸದ್ದು ತೆಗೆಯಲು ಈ ಸಾಫ್ಟ್‌ವೇರುಗಳಲ್ಲಿ ಒಂದು ಗುಂಡಿ ಇದೆ. ಹಾಡಿಲ್ಲದ ಒಂದು ತುಣುಕನ್ನು ತೋರಿಸಿ 'ಇದು ಗದ್ದಲ' ಎಂದು ಹೇಳಿಕೊಟ್ಟರೆ ಅಂಥದ್ದನ್ನು ಎಲ್ಲ ಕಡೆಯಿಂದ ಅಳಿಸುತ್ತದೆ. ಆದರೆ ನಮ್ಮ ಹಾಡಿನ ಆರಂಭದಲ್ಲಿ ಹಾಡಿಲ್ಲದ ತುಣುಕು ಎಂದರೆ ಬರೀ ಶ್ರುತಿ ಹಿಡಿದ ಹೊತ್ತು. ಅದನ್ನೇ ಗದ್ದಲವೆಂದು ತೋರಿಸಿಬಿಟ್ಟರೆ ಕಳೆ ಕೀಳಲು ಹೋಗಿ ಭತ್ತದ ಸಸಿ ಕಿತ್ತಂತಾಗುತ್ತದೆ. ಏಕನಾದವನ್ನು ಯಂತ್ರ ಗದ್ದಲವೆಂದೇ ತಿಳಿಯುತ್ತದೆ, ಏಕೆಂದರೆ ಬದಲಾಗದೆ ಒಂದೇ ಸಮ ನಿಲ್ಲುವ ಸದ್ದನ್ನು ಅಳಿಸುವುದಕ್ಕೆಂದು ಅದನ್ನು ರೂಪಿಸಿದ್ದಾರೆ. ಕೆಲವು ಫೋನುಗಳು ನಮ್ಮನ್ನು ಕೇಳದೆಯೇ ಈ ಕೆಲಸ ಮಾಡುತ್ತವೆ, ಹಲಗೆಯ ಗುಂಗನ್ನೂ ನುಂಗಿಬಿಡುತ್ತವೆ. ಮುದ್ರಿಸುವ ಮೊದಲು ಆ ಸೌಲಭ್ಯವನ್ನು ಆಫ್ ಮಾಡಿಬಿಡಿ. ಶ್ರುತಿ ಹಿಡಿಯುವ ಮೊದಲಿನ ನಿಶ್ಶಬ್ದವನ್ನೂ ಸ್ವಲ್ಪ ಹೊತ್ತು ಮುದ್ರಿಸಿಕೊಳ್ಳಿ, ಗದ್ದಲದ ಮಾದರಿಗೆ ಅದು ಒದಗುತ್ತದೆ.

ಇನ್ನು ಸ್ವರದ ಮಾತು. ಬಳ್ಳಾರಿ ನಾಟಕದ ಊರು. ನಟ ರಾಘವರು ಮೆರೆದ ಊರು, ಅವರ ಹೆಸರಿನ ಕಲಾಮಂದಿರ ಇರುವ ಊರು. ಸುಭದ್ರಮ್ಮ ಮನ್ಸೂರರ ರಂಗಗೀತೆಗಳು ಇಲ್ಲಿನ ಹಿರಿಯರ ಕಿವಿಯಲ್ಲಿ ಇನ್ನೂ ಮೊಳಗುತ್ತಿವೆ. ಆ ಹಾಡುಗಳ ಬೆನ್ನಿಗೆ ನಿಂತದ್ದು ಹಾರ್ಮೋನಿಯಂ, ನಮ್ಮ ಪೇಟಿ. ಪೇಟಿ ಮಾಸ್ತರರಿಲ್ಲದೆ ನಾಟಕದ ಕಂಪನಿ ಇಲ್ಲ, ಬಯಲಾಟದ ಮೇಳ ಇಲ್ಲ. ಅದೇ ಪೇಟಿಯನ್ನು ಆಕಾಶವಾಣಿ 1940ರಲ್ಲಿ ತನ್ನ ಸ್ಟುಡಿಯೋಗಳಿಂದ ಹೊರಗಿಟ್ಟಿತ್ತು. ಮೂರು ದಶಕದ ಮೇಲೆ, 1971ರಲ್ಲಿ, ಆ ನಿಷೇಧ ಸಡಿಲಾಯಿತು. ಹೊರಗಿಟ್ಟವರು ಕೊಟ್ಟ ಕಾರಣಗಳಲ್ಲಿ ಹುರುಳಿತ್ತು. ಪೇಟಿಯ ಮನೆಗಳು ಒಂದೇ ಕಡೆ ನಿಂತಿರುತ್ತವೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಅಂತರಗಳನ್ನು ಸಮ ಮಾಡಿ ಕೂರಿಸಿದ್ದರಿಂದ ಕೆಲವು ಸ್ವರಗಳು ತಮ್ಮ ಜಾಗ ಬಿಟ್ಟಿರುತ್ತವೆ.

ಎಷ್ಟು ಬಿಟ್ಟಿರುತ್ತವೆ ಎಂದು ಇಂದು ಅಳೆದು ನೋಡಬಹುದು. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಭಾಗಿಸುತ್ತಾರೆ. ತಂಬೂರಿಯ ಷಡ್ಜದ ಮೇಲೆ ತಾನಾಗಿ ಕೂಡಿಬರುವ ಪಂಚಮ 702 ಸೆಂಟಿನಲ್ಲಿದೆ, ಪೇಟಿಯದು 700. ಎರಡು ಸೆಂಟನ್ನು ಯಾವ ಕಿವಿಯೂ ದೂರುವುದಿಲ್ಲ. ಅಂತರ ಗಾಂಧಾರ 386ರಲ್ಲಿದೆ, ಪೇಟಿಯಲ್ಲಿ 400. ಈ ಹದಿನಾಲ್ಕು ಸೆಂಟನ್ನು ಒಳ್ಳೆಯ ಹಾಡುಗಾರರು ಕೂಡಲೇ ಹಿಡಿಯುತ್ತಾರೆ. ಕಂಪ್ಯೂಟರಿನ ಕೀಬೋರ್ಡು, ಸಿಂಥಸೈಜರ್, ಆ್ಯಪಿನ ಪಿಯಾನೋ ಎಲ್ಲವೂ ಪೇಟಿಯ ಈ ಲೆಕ್ಕದಲ್ಲೇ ಹೊರಡುತ್ತವೆ. ವ್ಯತ್ಯಾಸವೆಂದರೆ ಪೇಟಿಯ ರೀಡು ತಿದ್ದಲು ಕುಶಲಕರ್ಮಿ ಬೇಕು, ಸಾಫ್ಟ್‌ವೇರಿನಲ್ಲಿ ಒಂದು ಅಂಕಿ ಬದಲಿಸಿದರೆ ಮುಗಿಯಿತು. ಸರ್ಜ್ ಎಕ್ಸ್‌ಟಿ ಎಂಬ ಪುಕ್ಕಟೆ ಸಿಂಥಸೈಜರಿನಲ್ಲಿ ಸ್ವರಸ್ಥಾನಗಳ ಪಟ್ಟಿಯನ್ನು ಒಂದು ಸಣ್ಣ ಫೈಲಾಗಿ ಬರೆದು ಕೊಡಬಹುದು. ಅಲ್ಲಿಂದಾಚೆಗೆ ಅದು ನಿಮ್ಮ ಗಾಂಧಾರವನ್ನೇ ನುಡಿಸುತ್ತದೆ.

ಸ್ವರದ ಜಾಗವನ್ನು ವಾದ್ಯದ ಮೇಲೆ ಗೊತ್ತುಮಾಡುವ ಈ ಚಿಂತೆ ನಮ್ಮ ಸೀಮೆಗೆ ಹೊಸದಲ್ಲ. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದರೂ 2021ರವರೆಗೆ ಬಳ್ಳಾರಿಯದೇ. ಅಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ, ರಾಮಾಮಾತ್ಯ 1550ರಲ್ಲಿ ಸ್ವರಮೇಲಕಲಾನಿಧಿಯನ್ನು ಬರೆದ. ವೀಣೆಯ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು, ಒಂದೇ ಮೆಟ್ಟಿಲು ಬೇರೆ ಬೇರೆ ತಂತಿಯ ಕೆಳಗೆ ಯಾವ ಯಾವ ಸ್ವರ ಕೊಡುತ್ತದೆ, ಇವನ್ನೆಲ್ಲ ಲೆಕ್ಕ ಹಾಕಿ 20 ಮೇಳಗಳನ್ನು ಹೇಳಿದ. ಮುಂದಿನ ಶತಮಾನದಲ್ಲಿ ತಂಜಾವೂರಿನಲ್ಲಿ, ಕನ್ನಡ ಮನೆತನದವನೇ ಆದ ವೆಂಕಟಮಖಿ ಅದನ್ನು 72ಕ್ಕೆ ಒಯ್ದ. ಎರಡು ಮಧ್ಯಮ, ಕೆಳಗೆ ಆರು ಬಗೆ, ಮೇಲೆ ಆರು ಬಗೆ, ಗುಣಿಸಿದರೆ 72. ಆ ಕಾಲಕ್ಕೆ ಎಷ್ಟೋ ಮೇಳಗಳಲ್ಲಿ ಹಾಡೇ ಇರಲಿಲ್ಲ. ಲೆಕ್ಕ ಮೊದಲು ಬಂತು, ರಾಗ ಆಮೇಲೆ ಹುಟ್ಟಿತು. ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಶಾಲೆಯ ಮಕ್ಕಳು ಇದನ್ನು ಇಂದು ಕೈಯಾರೆ ಮಾಡಿ ಕೇಳಬಹುದು. ಸೋನಿಕ್ ಪೈ ಎಂಬ ಪುಕ್ಕಟೆ ಸಾಫ್ಟ್‌ವೇರನ್ನು ಕೇಂಬ್ರಿಜ್‌ನ ಸ್ಯಾಮ್ ಆರನ್ 2012ರಲ್ಲಿ ಮಕ್ಕಳಿಗೆಂದೇ ಶುರುಮಾಡಿದರು. ಅದರಲ್ಲಿ ಬರೆಯುವುದು ಪ್ರೋಗ್ರಾಂ, ಹೊರಡುವುದು ಸಂಗೀತ. ಷಡ್ಜಕ್ಕೆ 60 ಎಂದು ಬರೆದರೆ ಪೇಟಿಯ ಅಂತರ ಗಾಂಧಾರ 64. ಅದನ್ನು ಅಳಿಸಿ 63.86 ಎಂದು ಬರೆಯಿರಿ, ತಂಬೂರಿಯ ಗಾಂಧಾರ ಕೇಳುತ್ತದೆ. ಎರಡನ್ನೂ ಒಂದರ ಹಿಂದೊಂದು ನುಡಿಸಿ ಮಕ್ಕಳಿಗೆ ಕೇಳಿಸಿದರೆ ಶ್ರುತಿಶುದ್ಧಿ ಎಂದರೇನು ಎಂದು ಗಂಟೆಗಟ್ಟಲೆ ಹೇಳಬೇಕಿಲ್ಲ. ಒಂದರೊಳಗೊಂದು ಮೂರು ಸುತ್ತು ಬರೆದರೆ 72 ಮೇಳಗಳೂ ಸಾಲಾಗಿ ಹಾಯ್ದುಹೋಗುತ್ತವೆ. ಸರಕಾರಿ ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ಇದು ನಡೆಯಬೇಕೆಂಬುದು ನನ್ನ ದೊಡ್ಡ ಆಸೆ. ಗಣಿತದ ಮೇಷ್ಟ್ರು, ಸಂಗೀತದ ಮೇಷ್ಟ್ರು ಒಂದೇ ಬೆಂಚಿನಲ್ಲಿ ಕೂತು ಮಾಡಬಹುದಾದ ಪಾಠ ಅದು.

ಸ್ವರವನ್ನು ತಿದ್ದುವ ಆಟೋಟ್ಯೂನ್ ಬಗ್ಗೆ ಒಂದು ಮಾತು, ಏಕೆಂದರೆ ಇಂದಿನ ಹಾಡುಗಳಲ್ಲಿ ಅದಿಲ್ಲದ್ದು ಅಪರೂಪ. ಅದನ್ನು 1997ರಲ್ಲಿ ತಂದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಹುಡುಕುವ ಉದ್ಯಮದಲ್ಲಿದ್ದವರು. ನೆಲದೊಳಗೆ ಕಂಪನ ಕಳಿಸಿ, ಹಿಂದಿರುಗಿದ ಅಲೆಗಳನ್ನು ಲೆಕ್ಕ ಹಾಕಿ, ಕೆಳಗೆ ಏನಿದೆ ಎಂದು ಹೇಳುವ ಗಣಿತ ಅವರದು. ಅದೇ ಗಣಿತವನ್ನು ಕಂಠಕ್ಕೆ ತಿರುಗಿಸಿ, ಹಾಡುಗಾರರ ಸ್ವರ ಎಲ್ಲಿದೆ ಎಂದು ಕಂಡುಹಿಡಿದು, ಹತ್ತಿರದ 'ಸರಿಯಾದ' ಮನೆಗೆ ಎಳೆದು ಕೂರಿಸುವ ಸಾಧನ ಮಾಡಿದರು. ಗಣಿಯ ನಾಡಿನವರಾದ ನಮಗೆ ಈ ಕಥೆ ಚೆನ್ನಾಗಿ ಅರ್ಥವಾಗಬೇಕು. ಆದರೆ ಕಂಪಿತವಿರುವ ಸ್ವರ ಮನೆಯಲ್ಲಿ ಕೂರುವುದಕ್ಕಾಗಿ ಹುಟ್ಟಿದ್ದಲ್ಲ, ಎರಡು ಮನೆಗಳ ನಡುವೆ ಓಲಾಡುವುದೇ ಅದರ ಜೀವ. ಆಟೋಟ್ಯೂನಿಗೆ ಕೊಟ್ಟರೆ ಓಲಾಟ ಮೆಟ್ಟಿಲಾಗಿಬಿಡುತ್ತದೆ. ಸೋಬಾನೆ ಹಾಡುವ ಅಜ್ಜಿಯ ಧ್ವನಿಗೆ ದಯವಿಟ್ಟು ಅದನ್ನು ಹಚ್ಚಬೇಡಿ. ಬಳಸಲೇಬೇಕಾದರೆ ತಿದ್ದುವ ವೇಗವನ್ನು ತೀರ ನಿಧಾನಕ್ಕೆ ಇಡಿ, ಉದ್ದಕ್ಕೆ ನಿಲ್ಲುವ ಸ್ವರಗಳಿಗಷ್ಟೇ ಹಚ್ಚಿ.

ತಾಳದಲ್ಲೂ ಇದೇ ಕಥೆ. ಜೋಳದರಾಶಿ ದೊಡ್ಡನಗೌಡರು ಈ ನೆಲದ ಕವಿ, ನಾಟಕಕಾರ, ಗಮಕಿ. ಗಮಕದಲ್ಲಿ ರಾಗ ಇದೆ, ತಾಳದ ಕಟ್ಟಿಲ್ಲ. ಪದ್ಯದ ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಧ್ವನಿ ನಿಲ್ಲುತ್ತದೆ. ಅಂಥ ವಾಚನವನ್ನು, ಕಾಲವನ್ನು ಸಮವಾಗಿ ಭಾಗಿಸುವ ಸಾಫ್ಟ್‌ವೇರಿನ ಚೌಕಗಳ ಮೇಲೆ ಇಟ್ಟರೆ ಎಲ್ಲಿಯೂ ಕೂರುವುದಿಲ್ಲ. ತಾಷಾ ರಾಂಡೋಲಿನವರನ್ನು ಕೇಳಿ ನೋಡಿ. ಮೆರವಣಿಗೆ ಹೊರಟಾಗ ಒಂದು ನಡೆ, ಗುಡಿಯ ಮುಂದೆ ಬಂದಾಗ ಇನ್ನೊಂದು. ನಡುವೆ ವೇಗ ಎಲ್ಲಿ ಏರಿತೆಂದು ಬಾರಿಸುವವರಿಗೂ ಹೇಳಲು ಬರುವುದಿಲ್ಲ, ಎಲ್ಲರೂ ಒಟ್ಟಿಗೆ ಏರಿರುತ್ತಾರೆ. ಅದನ್ನು ಮುದ್ರಿಸಿ 'ಕ್ವಾಂಟೈಜ್' ಗುಂಡಿ ಒತ್ತಿದರೆ ಪ್ರತಿ ಪೆಟ್ಟೂ ಹತ್ತಿರದ ಚೌಕಕ್ಕೆ ಹಾರಿ ಕೂರುತ್ತದೆ. ಪೆಟ್ಟುಗಳೆಲ್ಲ ಸರಿ ಇರುತ್ತವೆ, ಮೇಳ ಮಾಯವಾಗಿರುತ್ತದೆ.

ಪರಿಹಾರ ಇದೆ. ಮೊದಲು ಚೌಕಕ್ಕೆ ಅಂಟುವ ಸೌಲಭ್ಯವನ್ನು ಆಫ್ ಮಾಡಿ. ಮುದ್ರಣವನ್ನು ಹಾಗೆಯೇ ಹಾಸಿ, ಹಾಡಿನ ಪೆಟ್ಟುಗಳು ಎಲ್ಲಿ ಬಿದ್ದಿವೆಯೋ ಅಲ್ಲಿ ಗುರುತು ಹಾಕುತ್ತ ಹೋಗಿ, ಸಾಫ್ಟ್‌ವೇರಿನ ವೇಗವೇ ಆ ಗುರುತುಗಳನ್ನು ಹಿಂಬಾಲಿಸುವಂತೆ ಮಾಡಿ. ಕೆಲವು ಸಾಫ್ಟ್‌ವೇರುಗಳು ಇದನ್ನು ಟೆಂಪೋ ಮ್ಯಾಪ್ ಎನ್ನುತ್ತವೆ. ಏಳು ಪೆಟ್ಟಿನ ಛಾಪು ಬೇಕಾದರೆ ಆವರ್ತವನ್ನು ಏಳಕ್ಕೆ ಬದಲಿಸಿ, ಮೂರು ನಾಲ್ಕು ಎಂದು ಒಡೆದುಕೊಳ್ಳಿ. ನಾಲ್ಕರ ಲೂಪನ್ನು ತಂದು ಏಳರ ಪದಕ್ಕೆ ಹೊಂದಿಸುತ್ತ ಕೂತರೆ ಕೊನೆಗೆ ಪದದ ಒಂದು ಅಕ್ಷರವನ್ನು ಎಳೆದು ಎಂಟು ಮಾಡುತ್ತೀರಿ. ನಮ್ಮ ಕಡೆಯ ಎಷ್ಟೋ 'ರೀಮಿಕ್ಸ್' ಪದಗಳಲ್ಲಿ ಆಗಿರುವುದು ಅದೇ.

ಹೆಸರು ಹೇಳುತ್ತೇನೆ ಎಂದಿದ್ದೆ. ಡಿಜೆ ಹುಡುಗರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಬೆಲ್ಜಿಯಂನ ಎಫ್‌ಎಲ್ ಸ್ಟುಡಿಯೋ, 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ ಹೊರಟದ್ದು. ದುಡ್ಡು ಕೊಡಲಾಗದವರಿಗೆ ಅದೇ ದಾರಿಯ ಎಲ್‌ಎಂಎಂಎಸ್ ಪುಕ್ಕಟೆ ಸಿಗುತ್ತದೆ. ಧ್ವನಿಯ ಚಿತ್ರ ನೋಡಲು, ಸ್ವರದ ಜಾಡು ಹಿಡಿಯಲು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸೋನಿಕ್ ವಿಜುವಲೈಜರ್. ಕರ್ನಾಟಕ ಸಂಗೀತದ ಸ್ವರಲಿಪಿಯನ್ನು ಗಮಕದ, ಅಂದರೆ ಸ್ವರದ ಓಲಾಟದ, ಗುರುತುಗಳೊಂದಿಗೆ ಟೈಪಿಸಿ ಕೇಳಲು ಎಂ. ಸುಬ್ರಮಣಿಯನ್ ಅವರು ರೂಪಿಸಿದ 'ಗಾಯಕ'. ನಮ್ಮ ಬೆಂಗಳೂರಿನ ರಾಡೆಲ್ ಕಂಪನಿಯನ್ನು ಇಲ್ಲಿ ನೆನೆಯಲೇಬೇಕು. ಎಲೆಕ್ಟ್ರಾನಿಕ್ಸ್ ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮಾಡಿ ದೇಶದ ಸಂಗೀತದ ಮನೆಗಳಿಗೆಲ್ಲ ಮುಟ್ಟಿಸಿದರು. ನುಡಿಸುವವರೇ ಯಂತ್ರ ಮಾಡಿದರೆ ಯಂತ್ರ ಹೇಗಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಬಾರ್ಸಿಲೋನಾದಲ್ಲಿ ಕ್ಸೇವಿಯರ್ ಸೆರ್ರಾ ಅವರ ತಂಡ 2011ರಿಂದ ಕಾಂಪ್‌ಮ್ಯೂಸಿಕ್ ಎಂಬ ಯೋಜನೆ ನಡೆಸಿತು. ಕರ್ನಾಟಕ, ಹಿಂದುಸ್ತಾನಿ, ಟರ್ಕಿಯ ಮಕಾಮ್ ಮುಂತಾದ ಸಂಗೀತಗಳನ್ನು ಅವವುಗಳ ಅಳತೆಯಲ್ಲೇ ಕಂಪ್ಯೂಟರಿಗೆ ಅರ್ಥ ಮಾಡಿಸುವುದು ಅವರ ಗುರಿಯಾಗಿತ್ತು. ರಾಗ, ತಾಳಗಳಿಗೆ ಆ ಭಾಗ್ಯ ಬಂದಿದೆ. ಬಯಲಾಟದ ಪದಕ್ಕೆ, ತತ್ವಪದಕ್ಕೆ ಇನ್ನೂ ಬರಬೇಕಾಗಿದೆ.

ಹೊಸ ಸಂಗೀತ ಕಟ್ಟುವವರಿಗೆ ಒಂದು ಸಲಹೆ. ಬೇರೆಯವರು ಮಾರುವ ಡ್ರಮ್ಮಿನ ಸದ್ದನ್ನೇ ಏಕೆ ಬಳಸಬೇಕು? ಸ್ಯಾಂಪ್ಲರ್ ಎಂಬ ಸಾಧನ ಯಾವ ಸದ್ದನ್ನಾದರೂ ವಾದ್ಯ ಮಾಡಿಕೊಡುತ್ತದೆ. ಬಿಸಿಲಿಗೆ ಕಾಸಿ ಬಿಗಿಗೊಳಿಸಿದ ಹಲಗೆಯ ಪೆಟ್ಟನ್ನು ಮೆತ್ತಗೆ, ಜೋರಾಗಿ, ನಡುವೆ, ಅಂಚಿಗೆ ಹೀಗೆ ಬೇರೆ ಬೇರೆ ಮಾಡಿ ಮುದ್ರಿಸಿ, ಒಂದೊಂದನ್ನು ಒಂದೊಂದು ಕೀಲಿಗೆ ಕಟ್ಟಿ. ಇಷ್ಟಾದರೆ ನಿಮ್ಮ ಊರಿನ ವಾದ್ಯ ನಿಮ್ಮ ಕಂಪ್ಯೂಟರಿನಲ್ಲಿ ಕೂತಂತೆ.

ಸದ್ದಿನ ಮಾತು ಬಂದಾಗ ಬಳ್ಳಾರಿಯವರು ಹೆಮ್ಮೆಪಡಬೇಕಾದ ಜಾಗ ಪೇಟೆಯ ಮಗ್ಗುಲಲ್ಲೇ ಇದೆ. ಸಂಗನಕಲ್ಲು, ಕಪ್ಪಗಲ್ಲು ಕಡೆಯ ಹಿರೇಗುಡ್ಡದಲ್ಲಿ ಕರಿಯ ಡೋಲರೈಟ್ ಬಂಡೆಗಳ ಒಂದು ಸಾಲು ಹಾಯ್ದಿದೆ. ಅವುಗಳ ಮೇಲೆ ಹೊಸ ಶಿಲಾಯುಗದ ಜನ ಕುಟ್ಟಿ ಬಿಡಿಸಿದ ದನಗಳ, ಮನುಷ್ಯರ ಚಿತ್ರಗಳಿವೆ. ಕೆಲವು ಬಂಡೆಗಳಲ್ಲಿ ಪದೇಪದೇ ಹೊಡೆದು ಬಿದ್ದ ಕುಳಿಗಳಿವೆ, ಅಲ್ಲಿ ಕಲ್ಲಿನಿಂದ ತಟ್ಟಿದರೆ ಜಾಗಟೆಯಂಥ ನಾದ ಹೊರಡುತ್ತದೆ. ಪುರಾತತ್ವಜ್ಞೆ ನಿಕೋಲ್ ಬೋಯ್ವಿನ್ 2004ರಲ್ಲಿ ಇದನ್ನು ಕುರಿತು ಬರೆದಾಗ ಲೋಕದ ಗಮನ ಈ ಗುಡ್ಡದ ಕಡೆ ತಿರುಗಿತು. ಸಾವಿರಾರು ವರ್ಷದ ಹಿಂದೆ ಇಲ್ಲಿನ ದನಗಾಹಿಗಳು ಯಾವ ಬಂಡೆ ನಾದ ಕೊಡುತ್ತದೆ ಎಂದು ತಟ್ಟಿ ತಟ್ಟಿ ಹುಡುಕಿದ್ದರು, ಸಿಕ್ಕಿದ್ದನ್ನು ಮತ್ತೆ ಮತ್ತೆ ನುಡಿಸಿದ್ದರು. ಸಂಗೀತವನ್ನು ಹುಡುಕುವ, ಮಾಡುವ ಕೆಲಸ ಈ ನೆಲದಲ್ಲಿ ಅಷ್ಟು ಹಳೆಯದು. ಕ್ವಾರಿಗಳಿಂದ ಆ ಗುಡ್ಡಕ್ಕೆ ಆದ ಪೆಟ್ಟು ನೆನೆದರೆ ಸಂಕಟವಾಗುತ್ತದೆ. ಯಾರೂ ಹೋಗಿ ಆ ಕಲ್ಲುಗಳನ್ನು ತಟ್ಟಬಾರದು, ಚಿತ್ರಗಳು ಹಾಳಾಗುತ್ತವೆ. ಆದರೆ ಪುರಾತತ್ವ ಬಲ್ಲವರ ಅನುಮತಿ, ಉಸ್ತುವಾರಿಯಲ್ಲಿ ಆ ನಾದವನ್ನು ಒಮ್ಮೆ ಚೆನ್ನಾಗಿ ಮುದ್ರಿಸಿ ಸ್ಯಾಂಪ್ಲರಿಗೆ ಕೊಟ್ಟರೆ, ಮುಂದೆ ಯಾರೂ ಕಲ್ಲು ಮುಟ್ಟದೆಯೇ ಅದನ್ನು ನುಡಿಸಬಹುದು. ಬಳ್ಳಾರಿಯ ಯಾರಾದರೂ ಸಂಯೋಜಕರು ಈ ಕೆಲಸ ಕೈಗೆತ್ತಿಕೊಳ್ಳಲಿ ಎಂದು ಕಾಯುತ್ತಿದ್ದೇನೆ.

ಈಚಿನ ಎರಡು ಸಾಧನಗಳ ಬಗ್ಗೆ ಚುಟುಕಾಗಿ. ಬೆರೆತ ಹಾಡಿನಿಂದ ಕಂಠ, ವಾದ್ಯ ಬೇರ್ಪಡಿಸುವುದು ಒಂದು. ಡೀಜರ್ ಕಂಪನಿಯ ಸ್ಪ್ಲೀಟರ್ 2019ರಲ್ಲಿ ಇದನ್ನು ಎಲ್ಲರ ಕೈಗೆ ತಂದಿತು. ಹಳೆಯ ರಂಗಗೀತೆಯ ಕ್ಯಾಸೆಟ್ಟಿಗೆ ಹಾಕಿ ನೋಡಿದರೆ ಪೇಟಿ ಕಂಠಕ್ಕೆ ಅಂಟಿಕೊಂಡೇ ಬರುತ್ತದೆ. ಹಾಡುಗಾರರ ನೆರಳಾಗಿ ಅದೇ ಧಾಟಿಯಲ್ಲಿ ನುಡಿಯುವುದು ನಮ್ಮ ಪದ್ಧತಿ. ಪಾಶ್ಚಾತ್ಯ ಪಾಪ್ ಹಾಡು ಕೇಳಿ ಕಲಿತ ಯಂತ್ರಕ್ಕೆ ಆ ನೆರಳನ್ನು ಬಿಡಿಸಲು ಬರುವುದಿಲ್ಲ. ಎರಡನೆಯದು, ಎರಡು ಸಾಲು ಬರೆದರೆ ಇಡೀ ಹಾಡು ಹಾಡಿ ಕೊಡುವ ಸುನೋದಂಥ ಕೃತಕ ಬುದ್ಧಿಯ ಸಾಧನ. ಕನ್ನಡದಲ್ಲೂ ಹಾಡುತ್ತದೆ. 'ಜಾನಪದ ಶೈಲಿ' ಎಂದರೆ ಸಿನಿಮಾದ ಜಾನಪದವನ್ನು ಕೊಡುತ್ತದೆ, ಅದು ಕೇಳಿರುವುದೇ ಅಷ್ಟು. ಧಾಟಿ ಹುಡುಕುವಾಗ ಒಂದು ಹೊಳಹಿಗೆ ಬಳಸಿದರೆ ನನ್ನ ತಕರಾರಿಲ್ಲ. ಅದು ಕೊಟ್ಟದ್ದನ್ನೇ 'ನಮ್ಮೂರ ಪದ' ಎಂದು ಹಂಚಿದರೆ ಮಾತ್ರ ತಕರಾರಿದೆ.

ಕಡೆಯದಾಗಿ ಹಾಡಿದವರ ಹಕ್ಕು. ಜನಪದ ಹಾಡಿಗೆ ಒಡೆಯರಿಲ್ಲ, ಹಾಗಾಗಿ ಯಾರು ಬೇಕಾದರೂ ಬಳಸಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಪದಕ್ಕೆ ಒಡೆಯರಿಲ್ಲದಿರಬಹುದು, ಹಾಡಿದ ಕಂಠಕ್ಕೆ ಇದ್ದಾರೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿ ಕಲಾವಿದರ ಪ್ರದರ್ಶನದ ಹಕ್ಕನ್ನು ಸೇರಿಸಿತು. 2012ರ ತಿದ್ದುಪಡಿ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ, ವಾಣಿಜ್ಯ ಬಳಕೆಯಾದರೆ ರಾಯಧನದ ಹಕ್ಕನ್ನೂ ಕೊಟ್ಟಿತು. ಟೆಕ್ಕಲಕೋಟೆಯ ಸಂತೆಯಲ್ಲಿ ಹಾಡುವ ಹೆಣ್ಣುಮಗಳಿಗೂ ಅದು ಅನ್ವಯಿಸುತ್ತದೆ. ಅವರ ಧ್ವನಿಯ ತುಣುಕನ್ನು ನಿಮ್ಮ ಡಿಜೆ ಟ್ರ್ಯಾಕಿಗೆ ಸೇರಿಸುವ ಮೊದಲು ಕೇಳಿ, ಒಪ್ಪಿಗೆಯನ್ನೂ ಮುದ್ರಿಸಿಕೊಳ್ಳಿ, ದುಡ್ಡು ಬಂದರೆ ಪಾಲು ಕೊಡಿ.

ಮುದ್ರಿಸಿದ ಫೈಲಿನ ಹೆಸರನ್ನು ಕನ್ನಡದಲ್ಲೇ ಬರೆಯಿರಿ, ಕಂಪ್ಯೂಟರು ಒಪ್ಪುತ್ತದೆ. ಹಾಡಿದವರ ಹೆಸರು, ಊರು, ತಾರೀಕು, ಯಾವ ಸಂದರ್ಭದ ಪದ, ಯಾರಿಂದ ಕಲಿತರು, ಪೇಟಿಯ ಯಾವ ಮನೆಗೆ ಶ್ರುತಿ, ಇಷ್ಟೂ ಇರಲಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ಪ್ರತಿ ಬೇರೆ ಊರಿನ ಗೆಳೆಯರಲ್ಲಿ, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಹಾಡಿದವರ ಮನೆಗೇ ಕೊಟ್ಟು ಬನ್ನಿ. ಅವರ ಮನೆಯ ಟಿವಿಗೆ ಅದನ್ನು ಸಿಕ್ಕಿಸಿ ಕೇಳುವುದು ಹೇಗೆಂದು ತೋರಿಸಿ ಬನ್ನಿ. ಅವರು ಕೇಳಿ, 'ಇಲ್ಲಿ ಒಂದು ನುಡಿ ಬಿಟ್ಟೆ, ಮತ್ತೆ ಹಾಡ್ತೀನಿ ಹಿಡಕೋ' ಎಂದರೆ ಆ ಎರಡನೆಯ ಮುದ್ರಣವನ್ನೂ ಇಟ್ಟುಕೊಳ್ಳಿ, ಮೊದಲನೆಯದನ್ನು ಅಳಿಸಬೇಡಿ.